ಬಡವನಿಗೆ ಅನ್ನವಿಲ್ಲ ಏಕೆ?

ಕ್ರೈಸ್ತರ ಸೇವೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಶಾಲೆ, ಅನಾಥಾಲಯ, ಕುಷ್ಠರೋಗಿಗಳ ಆಶ್ರಮ. ನೀಲಿ ಅಂಚಿನ ಬಿಳಿ ಸೀರೆ ನೆನಪಾಗುತ್ತದೆ. ಆ ಸೇವೆಯನ್ನು ಮನಸಾರೆ ಮೆಚ್ಚುವವರಿದ್ದಾರೆ, ಅನುಮಾನದಿಂದ ನೋಡುವವರೂ ಇದ್ದಾರೆ. ಆದರೆ ಮೆಚ್ಚುವವರೂ ಅನುಮಾನಿಸುವವರೂ ಸಾಮಾನ್ಯವಾಗಿ ಅರ್ಧ ಕಥೆಯನ್ನು ಮಾತ್ರ ನೋಡುತ್ತಾರೆ. ಹಸಿದವನಿಗೆ ಅನ್ನ ಕೊಡುವುದು ಆ ಅರ್ಧ. ಅವನು ಹಸಿದಿರುವುದೇಕೆ ಎಂದು ಕೇಳುವುದು ಉಳಿದರ್ಧ. ಕೆಥೋಲಿಕ್ ಚರ್ಚಿನೊಳಗೆ ಈ ಎರಡನೆಯ ಅರ್ಧಕ್ಕೆ ದೊಡ್ಡದೊಂದು ಚರಿತ್ರೆಯೇ ಇದೆ. ಕನ್ನಡದಲ್ಲಿ ಅದರ ಬಗ್ಗೆ ಮಾತಾಡಿದ್ದು ಕಡಿಮೆ.

ಬ್ರೆಜಿಲಿನ ಆರ್ಚ್‌ಬಿಷಪ್ ದೊಂ ಹೆಲ್ದರ್ ಕಾಮರಾ ಅವರ ಹೆಸರಿನಲ್ಲಿ ಒಂದು ಮಾತು ಪ್ರಸಿದ್ಧವಾಗಿದೆ. ಬಡವರಿಗೆ ಅನ್ನ ಕೊಟ್ಟಾಗ ಜನ ನನ್ನನ್ನು ಸಂತ ಎನ್ನುತ್ತಾರೆ. ಬಡವರಿಗೆ ಅನ್ನವಿಲ್ಲ ಏಕೆ ಎಂದು ಕೇಳಿದಾಗ ಕಮ್ಯುನಿಸ್ಟ್ ಎನ್ನುತ್ತಾರೆ ಎಂಬುದು ಅದರ ಸಾರಾಂಶ. ಭಾಷಣಗಳಲ್ಲಿ, ಪೋಸ್ಟರುಗಳಲ್ಲಿ ಬಳಸಿ ಬಳಸಿ ಈ ಮಾತು ಸವೆದ ನಾಣ್ಯದಂತಾಗಿದೆ. ಅದನ್ನು ಹೇಳಿದವರು ತೆತ್ತ ಬೆಲೆಯೇನು, ಆ ಪ್ರಶ್ನೆಗೆ ಅವರ ಧರ್ಮದಲ್ಲಿ ಆಧಾರವಿತ್ತೇ, ಅವರ ಸ್ವಂತ ಚರ್ಚು ಅದನ್ನು ಹೇಗೆ ಸ್ವೀಕರಿಸಿತು ಎಂಬುದು ಮಾತ್ರ ಮರೆತುಹೋಗಿದೆ. ಅದನ್ನು ನಾವು ಇಲ್ಲಿ ನೆನಪಿಸಿಕೊಳ್ಳೋಣ.

ಹಳೆಯ ಬೇರು

ಬಡತನದ ಕಾರಣವನ್ನು ಹುಡುಕುವುದು ಚರ್ಚಿಗೆ ಹೊರಗಿನಿಂದ ಬಂದ ರೋಗ ಎಂದು ಅದರ ವಿರೋಧಿಗಳು ಹೇಳುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ನಾಲ್ಕನೆಯ ಶತಮಾನದಲ್ಲಿ, ಈಗಿನ ಟರ್ಕಿಯ ಭಾಗವಾದ ಕಪ್ಪದೋಕಿಯದಲ್ಲಿ ಭೀಕರ ಬರ ಬಂತು. ವರ್ತಕರು ಧಾನ್ಯವನ್ನು ಕಣಜಗಳಲ್ಲಿ ಬಚ್ಚಿಟ್ಟು ಬೆಲೆ ಏರುವುದನ್ನೇ ಕಾಯತೊಡಗಿದರು. ಆಗ ಸಂತ ಬಾಸಿಲ್ ಮಾಡಿದ ಪ್ರವಚನಗಳು ಇಂದಿಗೂ ಉಳಿದಿವೆ. ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆ ಬೆತ್ತಲೆ ಇರುವವನದು ಎಂಬುದು ಅವರ ವಾದ. ಅಂದರೆ, ಕೊಡುವವನು ಮಾಡುವುದು ಉಪಕಾರವಲ್ಲ, ಋಣ ಸಂದಾಯ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಾಣಕ್ಕೇ ಸಂಚಕಾರ ಬಂದಾಗ ಬೇರೆಯವರ ಆಹಾರವನ್ನು ತೆಗೆದುಕೊಳ್ಳುವುದು ಕಳ್ಳತನವಾಗದು ಎಂದು ಬರೆದರು.

ಆದರೆ ಗ್ರಂಥದಲ್ಲಿದ್ದುದು ಗದ್ದೆಗೆ ಇಳಿಯಲಿಲ್ಲ. ಶತಮಾನಗಳ ಕಾಲ ಚರ್ಚು ರಾಜರ, ಜಮೀನ್ದಾರರ ಪಕ್ಕದಲ್ಲೇ ಕುಳಿತಿತ್ತು. ಬಡವನಿಗೆ ತಾಳ್ಮೆಯನ್ನೂ ಶ್ರೀಮಂತನಿಗೆ ದಾನವನ್ನೂ ಬೋಧಿಸಿ ಸುಮ್ಮನಾಯಿತು. ಕೈಗಾರಿಕಾ ಕ್ರಾಂತಿಯ ನಂತರ ಈ ಬೋಧನೆ ಸಾಲದಾಯಿತು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಂ ಎಂಬ ವಿದ್ಯಾರ್ಥಿ ಮತ್ತು ಅವನ ಗೆಳೆಯರು ಸಂತ ವಿನ್ಸೆಂಟ್ ದ ಪೌಲ್ ಹೆಸರಿನಲ್ಲಿ ಸಂಘ ಕಟ್ಟಿ ಬಡವರ ಮನೆಮನೆಗೆ ಹೋಗತೊಡಗಿದರು. ಮನೆಯೊಳಗೆ ಹೋದವನಿಗೆ ಕೂಲಿ ಎಷ್ಟು, ಬಾಡಿಗೆ ಎಷ್ಟು ಎಂಬ ಲೆಕ್ಕವೂ ಕಾಣುತ್ತದೆ. ಕೊನೆಗೆ 1891ರಲ್ಲಿ ಪೋಪ್ 13ನೇ ಲಿಯೋ ‘ರೇರುಂ ನೊವಾರುಂ’ ಎಂಬ ಪತ್ರವನ್ನು ಹೊರಡಿಸಿದರು. ಅದರಲ್ಲಿ ಅವರು ಸಮಾಜವಾದವನ್ನು ತಿರಸ್ಕರಿಸಿದರು, ಖಾಸಗಿ ಆಸ್ತಿಯನ್ನು ಸಮರ್ಥಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ದುಡಿಯುವವನಿಗೆ ಬದುಕಲು ಸಾಕಾಗುವಷ್ಟು ಕೂಲಿ ಸಿಗಬೇಕು, ಅದು ನ್ಯಾಯದ ವಿಷಯ, ಮಾಲೀಕನ ಔದಾರ್ಯದ ವಿಷಯವಲ್ಲ; ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ. ಹೀಗೆ ‘ಏಕೆ’ ಎಂಬ ಪ್ರಶ್ನೆ ಮೊದಲ ಬಾರಿಗೆ ರೋಮಿನ ಅಧಿಕೃತ ಮುದ್ರೆಯೊಂದಿಗೆ ಹೊರಬಿತ್ತು. ಆದರೆ ಅದು ಯುರೋಪಿನ ಕಾರ್ಖಾನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಕಬ್ಬಿನ ಗದ್ದೆಯ ಕೂಲಿಕಾರನಿಗೆ ಅದು ತಲುಪಲು ಇನ್ನೂ ಬಹಳ ಕಾಲ ಬೇಕಿತ್ತು.

ಶವಪೆಟ್ಟಿಗೆಗಾಗಿ ಒಂದು ಸಂಘ

ಆ ಕಬ್ಬಿನ ಗದ್ದೆಗಳಿದ್ದದ್ದು ಬ್ರೆಜಿಲಿನ ಈಶಾನ್ಯ ಭಾಗದಲ್ಲಿ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲೇ ಅಲ್ಲಿ ಕಬ್ಬು ನೆಟ್ಟು, ಆಫ್ರಿಕಾದಿಂದ ಗುಲಾಮರನ್ನು ತಂದು ದುಡಿಸಿದರು. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕಟ್ಟಕಡೆಗೆ ರದ್ದು ಮಾಡಿದ ದೇಶ ಬ್ರೆಜಿಲ್. ಅದು 1888ರಲ್ಲಿ. ಕ್ರೈಸ್ತ ಸನ್ಯಾಸಿ ಸಂಘಗಳೂ ಗುಲಾಮರನ್ನು ಇಟ್ಟುಕೊಂಡಿದ್ದವು. ಜಮೀನ್ದಾರನ ಬಂಗಲೆಗೆ ತಾಗಿಯೇ ಪ್ರಾರ್ಥನಾಮಂದಿರ ಇರುತ್ತಿತ್ತು, ಪಾದ್ರಿ ಒಡೆಯನ ಊಟದ ಮೇಜಿನ ಅತಿಥಿ. ಗುಲಾಮಗಿರಿ ಹೋದ ಮೇಲೂ ಭೂಮಿ ಕೈ ಬದಲಾಗಲಿಲ್ಲ. ದುಡಿಯುವವರು ಗೇಣಿದಾರರಾದರು, ಕೂಲಿಗಳಾದರು. ಎಷ್ಟೋ ಕಡೆ ಗೇಣಿಯ ಜೊತೆಗೆ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆಯೂ ಇತ್ತು. ಒಳನಾಡಿನಲ್ಲಿ ಬರ ಬಂದಾಗಲೆಲ್ಲ ಜನ ಗುಂಪುಗುಂಪಾಗಿ ಕರಾವಳಿಯ ರೆಸಿಫೆ ನಗರಕ್ಕೆ ಗುಳೆ ಬಂದು, ನದಿಮುಖದ ಕೆಸರಿನಲ್ಲಿ ಗುಡಿಸಲು ಕಟ್ಟಿಕೊಂಡರು. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಎನ್ನುವ ಗಿಡಗಳ ಆ ಕೆಸರಿನಲ್ಲಿ ಏಡಿ ಹಿಡಿದು ತಿಂದು ಬದುಕಿದರು.

ಅದೇ ರೆಸಿಫೆಯಲ್ಲಿ ಹುಟ್ಟಿದ ವೈದ್ಯ ಜೊಸುಎ ದ ಕಾಸ್ತ್ರೊ ಈ ಜನರ ಕಾಯಿಲೆಯ ಹೆಸರು ಹಸಿವು ಎಂದರು. 1946ರಲ್ಲಿ ಅವರು ಬ್ರೆಜಿಲಿನ ಹಸಿವಿನ ಭೂಗೋಳವನ್ನೇ ಬರೆದರು. ಹಸಿವು ಪ್ರಕೃತಿಯ ಕೊಡುಗೆಯಲ್ಲ, ಮನುಷ್ಯ ಮಾಡಿದ ವ್ಯವಸ್ಥೆಯ ಫಲ ಎಂಬುದು ಅವರ ತೀರ್ಮಾನ. ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮಂಡಳಿಗೆ ಅಧ್ಯಕ್ಷರಾದ ಈ ಮನುಷ್ಯ ಕೊನೆಗೆ 1973ರಲ್ಲಿ ಪ್ಯಾರಿಸ್ಸಿನಲ್ಲಿ ದೇಶಭ್ರಷ್ಟರಾಗಿ ತೀರಿಕೊಂಡರು.

ಕಾಸ್ತ್ರೊ ದಾಖಲಿಸಿದ ಒಂದು ಸಂಗತಿಯನ್ನು ನಾವು ಇಲ್ಲಿ ಹೇಳಲೇಬೇಕು. ರೆಸಿಫೆಗೆ ಸಮೀಪದ ಗಲಿಲೇಯಾ ಎಂಬ ಜಮೀನಿನಲ್ಲಿ ಸುಮಾರು 140 ಗೇಣಿದಾರ ಕುಟುಂಬಗಳಿದ್ದವು. ಅಲ್ಲಿ ಬಡವನೊಬ್ಬ ಸತ್ತರೆ ಊರಿನ ಆಡಳಿತ ಧರ್ಮಾರ್ಥವಾಗಿ ಒಂದು ಶವಪೆಟ್ಟಿಗೆಯನ್ನು ಎರವಲು ಕೊಡುತ್ತಿತ್ತು. ಹೆಣವನ್ನು ಗುಂಡಿಗೆ ಇಳಿಸಿ ಪೆಟ್ಟಿಗೆಯನ್ನು ಹಿಂದಿರುಗಿಸಬೇಕು. ಮುಂದಿನ ಹೆಣಕ್ಕೂ ಅದೇ ಪೆಟ್ಟಿಗೆ. 1955ರ ಸುಮಾರಿಗೆ ಈ ರೈತರು ಒಂದು ಸಂಘ ಕಟ್ಟಿದರು. ಮಕ್ಕಳಿಗೊಂದು ಶಾಲೆ, ಬೇಸಾಯಕ್ಕೆ ಬೀಜ, ಸಲಕರಣೆ, ಸತ್ತವರಿಗೆ ಸ್ವಂತದ ಒಂದು ಶವಪೆಟ್ಟಿಗೆ, ಇವಿಷ್ಟೇ ಅವರ ಉದ್ದೇಶ. ಜಮೀನ್ದಾರನನ್ನೇ ಗೌರವಾಧ್ಯಕ್ಷನನ್ನಾಗಿ ಮಾಡಿಕೊಂಡರು. ಆದರೆ ರೈತರ ಸಂಘವೆಂದರೆ ಕಮ್ಯುನಿಸಂ ಎಂದು ಮನೆಯವರು ಎಚ್ಚರಿಸಿದಾಗ ಆತ ತಿರುಗಿಬಿದ್ದು ರೈತರನ್ನು ಒಕ್ಕಲೆಬ್ಬಿಸಲು ಹೊರಟ. ರೈತರು ಫ್ರಾನ್ಸಿಸ್ಕೊ ಜುಲಿಯಾಂವ್ ಎಂಬ ವಕೀಲರ ಬಳಿ ಹೋದರು. ಅಲ್ಲಿಂದ ಹುಟ್ಟಿದ ರೈತ ಸಂಘಟನೆಗಳು ಇಡೀ ಈಶಾನ್ಯಕ್ಕೆ ಹಬ್ಬಿದವು. 1959ರಲ್ಲಿ ರಾಜ್ಯ ಸರಕಾರ ಗಲಿಲೇಯಾದ ಭೂಮಿಯನ್ನು ವಶಪಡಿಸಿಕೊಂಡು ರೈತರ ಪರವಾಗಿ ನಿಂತಿತು. ಶವಪೆಟ್ಟಿಗೆ ಕೇಳಿದವರು ಭೂಮಿಯ ಪ್ರಶ್ನೆಗೆ ಬಂದು ಮುಟ್ಟಿದ್ದರು.

ಒಬ್ಬ ಪಾದ್ರಿ ಬದಲಾದ ಬಗೆ

ಹೆಲ್ದರ್ ಕಾಮರಾ ಹುಟ್ಟಿದ್ದು ಇದೇ ಈಶಾನ್ಯದ ಫೋರ್ತಲೇಝ ನಗರದಲ್ಲಿ, 1909ರಲ್ಲಿ. 1931ರಲ್ಲಿ ಪಾದ್ರಿಯಾದರು. ಅವರು ಆರಂಭದಿಂದಲೇ ಬಡವರ ಪರವಿದ್ದ ಕ್ರಾಂತಿಕಾರಿ ಎಂದು ಭಾವಿಸಿದರೆ ತಪ್ಪಾದೀತು. ಯೌವನದಲ್ಲಿ ಅವರು ಇಂಟೆಗ್ರಲಿಸ್ಟ್ ಎಂಬ ಚಳವಳಿಯಲ್ಲಿದ್ದರು. ಯುರೋಪಿನ ಫ್ಯಾಸಿಸಂನಿಂದ ಪ್ರೇರಣೆ ಪಡೆದು, ದೇವರು, ದೇಶ, ಕುಟುಂಬ ಎಂಬ ಘೋಷಣೆಯೊಂದಿಗೆ ಹಸಿರು ಅಂಗಿ ತೊಟ್ಟು ಕವಾಯತು ಮಾಡುತ್ತಿದ್ದ ಚಳವಳಿ ಅದು. ಅದನ್ನು ಅವರು ಮುಂದೆ ತಮ್ಮ ತಪ್ಪೆಂದು ಒಪ್ಪಿಕೊಂಡರು.

ಅವರ ಎರಡನೆಯ ಹಂತ ದಾನದ್ದು. 1952ರಲ್ಲಿ ಅವರು ರಿಯೋ ದ ಜನೈರೋದ ಸಹಾಯಕ ಬಿಷಪರಾದರು. ಅದೇ ವರ್ಷ ಬ್ರೆಜಿಲಿನ ಬಿಷಪರನ್ನೆಲ್ಲ ಒಂದುಗೂಡಿಸುವ ರಾಷ್ಟ್ರೀಯ ಮಂಡಳಿಯನ್ನು ಸ್ಥಾಪಿಸಿದರು. 1955ರಲ್ಲಿ ರಿಯೋದಲ್ಲಿ ಅಂತರರಾಷ್ಟ್ರೀಯ ಕೆಥೋಲಿಕ್ ಸಮಾವೇಶವನ್ನು ಬಹಳ ಅದ್ದೂರಿಯಾಗಿ ನಡೆಸಿದರು. ಅದನ್ನು ನೋಡಿದ ಫ್ರಾನ್ಸಿನ ಕಾರ್ಡಿನಲ್ ಜೆರ್ಲಿಯೇ, ಸಂಘಟಿಸುವ ಈ ಶಕ್ತಿಯನ್ನು ಕೊಳೆಗೇರಿಯ ಬಡವರಿಗಾಗಿ ಏಕೆ ಬಳಸಬಾರದು ಎಂದು ಕೇಳಿದರು. ಆ ಮಾತು ಹೆಲ್ದರರ ಎದೆಗೆ ನಾಟಿತು. ಅವರು ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಯೋಜನೆಯೊಂದನ್ನು ಹಮ್ಮಿಕೊಂಡು, ಶ್ರೀಮಂತರ ಬಡಾವಣೆಯ ನಡುವೆಯೇ ಹತ್ತು ಕಟ್ಟಡಗಳನ್ನು ಕಟ್ಟಿಸಿ ಕೊಳೆಗೇರಿಯ ಕುಟುಂಬಗಳಿಗೆ ಮನೆ ಕೊಟ್ಟರು. 1959ರಲ್ಲಿ ಬಡವರ ತುರ್ತು ಅಗತ್ಯಗಳಿಗಾಗಿ ‘ದೈವಕೃಪೆಯ ಬ್ಯಾಂಕ್’ ತೆರೆದರು. ಎಲ್ಲರೂ ಹೊಗಳಿದರು. ಆದರೆ ಅವರು ಕಂಡ ಸತ್ಯ ಬೇರೆಯಿತ್ತು. ಇಲ್ಲಿ ಒಂದು ಕುಟುಂಬಕ್ಕೆ ಮನೆ ಸಿಗುವಷ್ಟರಲ್ಲಿ ಈಶಾನ್ಯದ ಬರದ ನಾಡಿನಿಂದ ಇನ್ನಷ್ಟು ಕುಟುಂಬಗಳು ಲಾರಿಗಳಲ್ಲಿ ಬಂದು ಇಳಿಯುತ್ತಿದ್ದವು. ಕೆಳಗೆ ನೆಲ ಒರಸುತ್ತಿದ್ದರೆ ಮೇಲೆ ನಲ್ಲಿ ತೆರೆದೇ ಇತ್ತು.

ರೋಮಿನ ಎರಡು ದಿನಗಳು

1962ರಿಂದ 1965ರವರೆಗೆ ಜಗತ್ತಿನ ಕೆಥೋಲಿಕ್ ಬಿಷಪರೆಲ್ಲ ರೋಮಿನಲ್ಲಿ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ ಈ ಕಥೆಯ ತಿರುವು. ಹೆಲ್ದರ್ ಆ ಸಭಾಂಗಣದಲ್ಲಿ ಒಮ್ಮೆಯೂ ಭಾಷಣ ಮಾಡಲಿಲ್ಲ. ಅವರ ಕೆಲಸವೆಲ್ಲ ಪಡಸಾಲೆಗಳಲ್ಲಿ, ಊಟದ ಮೇಜುಗಳಲ್ಲಿ. ಬಡವರ ಪ್ರಶ್ನೆಯನ್ನು ಮುಂದಿಡಲು ಸೇರಿದ ಬಿಷಪರ ಗುಂಪಿನಲ್ಲಿ ಅವರು ಪ್ರಮುಖರು. 1965ರ ನವೆಂಬರ್ 16ರಂದು ಆ ಗುಂಪಿನ ಸುಮಾರು 40 ಬಿಷಪರು ರೋಮಿನ ಹೊರವಲಯದ ದೊಮಿತಿಲ್ಲಾ ಎಂಬ ನೆಲಮಾಳಿಗೆ ಸಮಾಧಿಗಳಲ್ಲಿ ಸೇರಿ ಪ್ರತಿಜ್ಞೆಯೊಂದನ್ನು ಸ್ವೀಕರಿಸಿದರು. ಮನೆ, ಊಟ, ಓಡಾಟಗಳಲ್ಲಿ ಸಾಮಾನ್ಯ ಜನರಂತೆ ಬದುಕುತ್ತೇವೆ, ನಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದಿಲ್ಲ, ದೊಡ್ಡಸ್ತಿಕೆಯ ಬಿರುದುಗಳನ್ನು ಒಪ್ಪುವುದಿಲ್ಲ ಎಂದು ಬರೆದರು. ದಾನಧರ್ಮದ ಕೆಲಸಗಳನ್ನು ಪ್ರೀತಿ ಮತ್ತು ನ್ಯಾಯ ಎರಡರ ಮೇಲೂ ನಿಂತ ಸಾಮಾಜಿಕ ಕೆಲಸಗಳನ್ನಾಗಿ ಮಾರ್ಪಡಿಸುತ್ತೇವೆ ಎಂಬ ಮಾತೂ ಅದರಲ್ಲಿತ್ತು.

ಅದಾಗಿ ಎರಡೇ ದಿನಕ್ಕೆ, ನವೆಂಬರ್ 18ರಂದು, ಮಹಾಸಭೆಯೇ ಹೊರಡಿಸಿದ ಒಂದು ಅಧಿಕೃತ ದಾಖಲೆಯಲ್ಲಿ ಇದೇ ವಿಚಾರ ಸ್ಪಷ್ಟವಾಗಿ ಬಂತು. ಮೊದಲು ನ್ಯಾಯದ ಬಾಕಿ ತೀರಬೇಕು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು. ಕೇಡಿನ ಪರಿಣಾಮಗಳನ್ನಷ್ಟೇ ಅಲ್ಲ, ಅದರ ಕಾರಣಗಳನ್ನೂ ನಿವಾರಿಸಬೇಕು. ನೆರವು ಪಡೆದವನು ಸದಾ ಪರಾವಲಂಬಿಯಾಗಿ ಉಳಿಯದೆ ತನ್ನ ಕಾಲ ಮೇಲೆ ನಿಲ್ಲುವಂತಾಗಬೇಕು. ಇವು ಯಾವುದೋ ಬಂಡಾಯ ಪಾದ್ರಿಯ ಮಾತುಗಳಲ್ಲ, ಜಗತ್ತಿನ ಬಿಷಪರು ಮತ ಹಾಕಿ ಒಪ್ಪಿದ ಬೋಧನೆ ಎಂಬುದನ್ನು ನಾವು ಗಮನಿಸಬೇಕು. 1967ರಲ್ಲಿ ಪೋಪ್ 6ನೇ ಪಾವ್ಲ್ ‘ಪೊಪುಲೋರುಂ ಪ್ರೊಗ್ರೆಸ್ಸಿಯೊ’ ಎಂಬ ಪತ್ರದಲ್ಲಿ, ಜನಸಾಮಾನ್ಯರ ಹಿತಕ್ಕೆ ಅಡ್ಡಿಯಾದ ದೊಡ್ಡ ಜಮೀನುಗಳನ್ನು ವಶಪಡಿಸಿಕೊಳ್ಳುವುದು ಕೆಲವೊಮ್ಮೆ ಅಗತ್ಯವಾಗಬಹುದು ಎಂದರು. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಅದನ್ನು ಬಿಸಿ ಮಾಡಿ ಬಡಿಸಿದ ಮಾರ್ಕ್ಸ್‌ವಾದ ಎಂದು ಗೇಲಿ ಮಾಡಿತು. ಪೋಪರಿಗೂ ಆ ಹಣೆಪಟ್ಟಿ ತಪ್ಪಲಿಲ್ಲ!

ರೆಸಿಫೆಯಲ್ಲಿ ತೆತ್ತ ಬೆಲೆ

ಮಹಾಸಭೆ ನಡೆಯುತ್ತಿರುವಾಗಲೇ, 1964ರ ಮಾರ್ಚ್‌ನಲ್ಲಿ, ಹೆಲ್ದರರನ್ನು ಒಲಿಂಡಾ ಮತ್ತು ರೆಸಿಫೆಯ ಆರ್ಚ್‌ಬಿಷಪರನ್ನಾಗಿ ನೇಮಿಸಲಾಗಿತ್ತು. ಅವರು ಅಧಿಕಾರ ವಹಿಸಿಕೊಂಡದ್ದು ಏಪ್ರಿಲ್ 12ರಂದು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಸೈನ್ಯ ಸರಕಾರವನ್ನು ಉರುಳಿಸಿತ್ತು. ರೈತ ನಾಯಕರು ಜೈಲು ಸೇರಿದ್ದರು. ರೆಸಿಫೆಯವರೇ ಆದ, ಅನಕ್ಷರಸ್ಥರಿಗೆ ಅಕ್ಷರ ಕಲಿಸುವ ಹೊಸ ವಿಧಾನವನ್ನು ಕಂಡುಕೊಂಡಿದ್ದ ಪಾವ್ಲೊ ಫ್ರೇರೆ ಕೂಡ ಸೆರೆವಾಸ ಅನುಭವಿಸಿ ದೇಶ ಬಿಡಬೇಕಾಯಿತು. ಬ್ರೆಜಿಲಿನಲ್ಲಿ ಆಗ ಓದುಬರಹ ಬಾರದವರಿಗೆ ಮತದಾನದ ಹಕ್ಕಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಅಕ್ಷರ ಕಲಿಸುವುದು ಏಕೆ ಅಪರಾಧವಾಯಿತೆಂದು ತಿಳಿಯುತ್ತದೆ.

ಈ ಹೊತ್ತಿನಲ್ಲಿ ಚರ್ಚು ಎಲ್ಲಿತ್ತು? ಜಪಮಾಲೆ ಹಿಡಿದ ಮೆರವಣಿಗೆಗಳು ಸೈನ್ಯಕ್ಕೆ ಹಾದಿ ಮಾಡಿಕೊಟ್ಟಿದ್ದವು. ಆ ವರ್ಷದ ಜೂನ್‌ನಲ್ಲಿ ಬಿಷಪರ ಮಂಡಳಿ, ದೇಶವನ್ನು ಕಮ್ಯುನಿಸಂನಿಂದ ಪಾರು ಮಾಡಿದ್ದಕ್ಕೆ ಸೇನೆಗೆ ಕೃತಜ್ಞತೆ ಹೇಳಿತು. ಅಕ್ಟೋಬರಿನಲ್ಲಿ ಹೆಲ್ದರ್ ತಾವೇ ಕಟ್ಟಿದ್ದ ಮಂಡಳಿಯ ಕಾರ್ಯದರ್ಶಿ ಸ್ಥಾನವನ್ನು ಕಳೆದುಕೊಂಡರು. ಅವರ ಒಂಟಿತನ ಮೊದಲು ಶುರುವಾದದ್ದು ತಮ್ಮವರ ನಡುವೆಯೇ.

1968ರಲ್ಲಿ ಅವರು ಆರ್ಚ್‌ಬಿಷಪರ ಅರಮನೆಯನ್ನು ಬಿಟ್ಟು ಒಂದು ಹಳೆಯ ಇಗರ್ಜಿಯ ಹಿಂಬದಿಯ ಪುಟ್ಟ ಕೋಣೆಗಳಿಗೆ ವಾಸ ಬದಲಿಸಿದರು. ಸಾಯುವವರೆಗೂ ಅಲ್ಲೇ ಇದ್ದರು. ಅದೇ ವರ್ಷ ಲ್ಯಾಟಿನ್ ಅಮೆರಿಕದ ಬಿಷಪರು ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಸೇರಿ, ತಮ್ಮ ಖಂಡದ ಅನ್ಯಾಯದ ವ್ಯವಸ್ಥೆಯನ್ನೇ ಒಂದು ಬಗೆಯ ಹಿಂಸೆ ಎಂದು ಕರೆದರು. ಅಕ್ಟೋಬರ್ 2ರಂದು, ಗಾಂಧೀಜಿಯವರ ಹುಟ್ಟುಹಬ್ಬದ ದಿನವನ್ನೇ ಆರಿಸಿಕೊಂಡು, ಹೆಲ್ದರ್ ಅಹಿಂಸಾತ್ಮಕ ಚಳವಳಿಯೊಂದನ್ನು ಆರಂಭಿಸಿದರು. ಅವರ ತರ್ಕ ಸರಳವಾಗಿತ್ತು. ಅನ್ಯಾಯ ಮೊದಲನೆಯ ಹಿಂಸೆ. ಅದಕ್ಕೆ ಸಿಟ್ಟಿಗೆದ್ದು ನಡೆಯುವ ದಂಗೆ ಎರಡನೆಯದು. ದಂಗೆಯನ್ನು ಅಡಗಿಸಲು ಸರಕಾರ ನಡೆಸುವ ದಮನ ಮೂರನೆಯದು. ಜಗತ್ತು ಎರಡನೆಯದನ್ನು ಮಾತ್ರ ಹಿಂಸೆ ಎಂದು ಕರೆಯುತ್ತದೆ. ಬಂದೂಕು ಹಿಡಿಯುವುದನ್ನು ಹೆಲ್ದರ್ ಒಪ್ಪಲಿಲ್ಲ. ಮೊದಲ ಹಿಂಸೆಯನ್ನು ಮುಚ್ಚಿಡುವುದನ್ನೂ ಒಪ್ಪಲಿಲ್ಲ.

ಅವರ ಮನೆಯ ಮೇಲೆ ಗುಂಡು ಹಾರಿತು. 1969ರ ಮೇ ತಿಂಗಳಲ್ಲಿ, ಅವರ ಜೊತೆ ಯುವಜನರ ನಡುವೆ ಕೆಲಸ ಮಾಡುತ್ತಿದ್ದ 28 ವರ್ಷದ ಪಾದ್ರಿ ಆಂತೋನಿಯೊ ಹೆನ್ರಿಕೆಯನ್ನು ಅಪಹರಿಸಿ, ಹಿಂಸಿಸಿ ಕೊಂದು, ಶವವನ್ನು ವಿಶ್ವವಿದ್ಯಾಲಯದ ಬಡಾವಣೆಯಲ್ಲಿ ಎಸೆದುಹೋದರು. ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಆದರೂ ಸಾವಿರಾರು ಜನ ಶವಯಾತ್ರೆಯಲ್ಲಿ ನಡೆದರು. ಆರ್ಚ್‌ಬಿಷಪರನ್ನು ಕೊಂದರೆ ಜಗತ್ತು ಕೇಳುತ್ತದೆ, ಅವರ ಕಿರಿಯನನ್ನು ಕೊಂದರೆ ಕೇಳುವವರಿಲ್ಲ ಎಂಬುದು ಕೊಂದವರ ಲೆಕ್ಕವಾಗಿದ್ದಿರಬೇಕು. 1970ರ ಮೇ ತಿಂಗಳಲ್ಲಿ ಹೆಲ್ದರ್ ಪ್ಯಾರಿಸ್ಸಿನ ದೊಡ್ಡ ಸಭೆಯೊಂದರಲ್ಲಿ ತಮ್ಮ ದೇಶದ ಸೆರೆಮನೆಗಳಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯನ್ನು ಬಯಲು ಮಾಡಿದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಬ್ರೆಜಿಲಿನ ಪತ್ರಿಕೆ, ರೇಡಿಯೊಗಳಲ್ಲಿ ಅವರ ಹೆಸರು ಬರುವಂತಿರಲಿಲ್ಲ. ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು ಮತ್ತೆ ಮತ್ತೆ ಸೂಚಿತವಾದಾಗ ಅದನ್ನು ತಪ್ಪಿಸಲು ಸೈನಿಕ ಸರಕಾರವೇ ಗುಟ್ಟಾಗಿ ಪ್ರಯತ್ನಿಸಿತು. 1974ರಲ್ಲಿ ನಾರ್ವೆಯಲ್ಲಿ ಅವರಿಗೆ ಜನತೆಯ ಶಾಂತಿ ಪ್ರಶಸ್ತಿಯನ್ನು ಕೊಟ್ಟರು.

ಒಪ್ಪಿಗೆ ಮತ್ತು ಹಿಂಜರಿಕೆ

ರೋಮ್ ಅವರ ಜೊತೆಗಿತ್ತೇ? ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. 1980ರ ಜುಲೈಯಲ್ಲಿ ರೆಸಿಫೆಗೆ ಬಂದ ಪೋಪ್ 2ನೇ ಜಾನ್ ಪಾವ್ಲ್ ಎಲ್ಲರೆದುರು ಹೆಲ್ದರರನ್ನು ಅಪ್ಪಿಕೊಂಡು, ಬಡವರ ಸಹೋದರ, ನನ್ನ ಸಹೋದರ ಎಂದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಮಾರ್ಚ್ 24ರಂದು, ಎಲ್ ಸಾಲ್ವದೋರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೇರೊ ಬಲಿಪೂಜೆ ಅರ್ಪಿಸುತ್ತಿರುವಾಗಲೇ ಗುಂಡಿಗೆ ಬಲಿಯಾಗಿದ್ದರು. ಆದರೆ 1984ರಲ್ಲಿ ಇದೇ ರೋಮ್, ವಿಮೋಚನಾ ದೇವಶಾಸ್ತ್ರದ ಕೆಲವು ಧಾರೆಗಳು ಮಾರ್ಕ್ಸ್‌ವಾದಿ ವಿಶ್ಲೇಷಣೆಯನ್ನು ವಿಮರ್ಶೆಯಿಲ್ಲದೆ ಬಳಸುತ್ತಿವೆ ಎಂದು ಕಟುವಾಗಿ ಎಚ್ಚರಿಸಿತು. 1985ರಲ್ಲಿ ಹೆಲ್ದರ್ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಬೇರೆ ಮನೋಧರ್ಮದವರು. ಬಡವರ ನಡುವೆ ಇದ್ದುಕೊಂಡೇ ಪಾದ್ರಿಗಳಿಗೆ ತರಬೇತಿ ಕೊಡುತ್ತಿದ್ದ ರೆಸಿಫೆಯ ದೇವಶಾಸ್ತ್ರ ಸಂಸ್ಥೆಯನ್ನು 1989ರಲ್ಲಿ ಮುಚ್ಚಲಾಯಿತು. ತಾವು ಕಟ್ಟಿದ್ದು ಒಂದೊಂದಾಗಿ ಕಳಚುವುದನ್ನು ಹೆಲ್ದರ್ ಆ ಪುಟ್ಟ ಕೋಣೆಯಿಂದಲೇ ನೋಡಿದರು. 1999ರ ಆಗಸ್ಟ್ 27ರಂದು ತೀರಿಕೊಂಡರು.

ಆದರೆ ಪ್ರಶ್ನೆ ಸಾಯಲಿಲ್ಲ. ಎಚ್ಚರಿಕೆ ಕೊಟ್ಟ ಚರ್ಚೇ ಆ ಪ್ರಶ್ನೆಯನ್ನು ತನ್ನ ಬೋಧನೆಯೊಳಗೆ ತಂದುಕೊಂಡಿತು. 1987ರಲ್ಲಿ 2ನೇ ಜಾನ್ ಪಾವ್ಲ್ ‘ಪಾಪದ ವ್ಯವಸ್ಥೆಗಳು’ ಎಂಬ ಮಾತನ್ನು ಬಳಸಿದರು. ಪಾಪ ಒಬ್ಬ ಮನುಷ್ಯನ ಎದೆಯೊಳಗೆ ಮಾತ್ರವಲ್ಲ, ಕಾನೂನು, ಮಾರುಕಟ್ಟೆ, ಒಡೆತನಗಳ ಏರ್ಪಾಡಿನಲ್ಲೂ ಮನೆ ಮಾಡಬಲ್ಲದು ಎಂಬುದು ಇದರ ಅರ್ಥ. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸ್ ರೊಮೇರೊ ಮತ್ತು 6ನೇ ಪಾವ್ಲ್ ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಿದರು. ಹೆಲ್ದರರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆ 2015ರಲ್ಲಿ ಶುರುವಾಯಿತು. ಸರ್ವಾಧಿಕಾರದ ಕಾಲದ ಅಪರಾಧಗಳ ತನಿಖೆಗೆಂದು 2012ರಲ್ಲಿ ಅವರ ರಾಜ್ಯ ರಚಿಸಿದ ಸತ್ಯಶೋಧನಾ ಆಯೋಗಕ್ಕೆ ಅವರ ಹೆಸರನ್ನೇ ಇಡಲಾಯಿತು. ಒಂದು ಕಾಲಕ್ಕೆ ಪತ್ರಿಕೆಯಲ್ಲಿ ಅಚ್ಚಾಗಬಾರದಿದ್ದ ಹೆಸರು ಅದು. 2025ರಲ್ಲಿ ಪೋಪರಾದ 14ನೇ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ 1891ರ 13ನೇ ಲಿಯೋ ಎಂದು ತಾವೇ ಹೇಳಿದರು. ಬಡವರ ಕುರಿತ ಅವರ ಮೊದಲ ದೊಡ್ಡ ದಾಖಲೆ ‘ದಿಲೆಕ್ಸಿ ತೆ’, ಅದೇ ವರ್ಷದ ಅಕ್ಟೋಬರಿನದು. ಅದರಲ್ಲಿ ಬಡತನವನ್ನು ಹುಟ್ಟಿಸುವ ವ್ಯವಸ್ಥೆಗಳ ಟೀಕೆಯಿದೆ. ಕೊನೆಯಲ್ಲಿ ಕೈಯಾರೆ ಕೊಡುವ ದಾನದ ಸಮರ್ಥನೆಯೂ ಇದೆ.

ಈ ಕೊನೆಯ ಅಂಶವನ್ನು ನಾವು ಹಗುರವಾಗಿ ನೋಡಬಾರದು. ವ್ಯವಸ್ಥೆ ಬದಲಾಗಲಿ, ಅಲ್ಲಿಯವರೆಗೆ ದಾನ ಬೇಡ ಎಂದು ಹೆಲ್ದರ್ ಎಂದೂ ಹೇಳಲಿಲ್ಲ. ಇಂದು ರಾತ್ರಿ ಹಸಿದಿರುವ ಮಗು ನಾಳಿನ ಕ್ರಾಂತಿಗಾಗಿ ಕಾಯಲಾರದು. ಆದರೆ ಕೊಡುವ ಕೈ ಕೇಳುವ ಬಾಯಿಯನ್ನು ಮುಚ್ಚಬಾರದು. ದಾನ ಕೊಟ್ಟವನಿಗೆ ಮನ್ನಣೆ ಇದೆ, ಫಲಕದಲ್ಲಿ ಹೆಸರಿದೆ. ಪ್ರಶ್ನೆ ಕೇಳಿದವನಿಗೆ ಸಿಗುವುದು ಹಣೆಪಟ್ಟಿ. ಅದು ಕಮ್ಯುನಿಸ್ಟ್ ಎಂದಿರಬಹುದು, ದೇಶದ್ರೋಹಿ ಎಂದಿರಬಹುದು; ಕಾಲಕ್ಕೆ ತಕ್ಕಂತೆ ಪದ ಬದಲಾಗುತ್ತದೆ. ಇದು ಒಂದು ಧರ್ಮದ, ಒಂದು ದೇಶದ ಸಮಸ್ಯೆಯಲ್ಲ.

ಗಲಿಲೇಯಾದ ಆ ಎರವಲು ಶವಪೆಟ್ಟಿಗೆಯೂ ದಾನವೇ ಆಗಿತ್ತು. ಅದನ್ನು ಕೊಟ್ಟವರು ಕೆಟ್ಟವರಿರಲಾರರು. ಒಂದು ಪುಣ್ಯಕಾರ್ಯ ಮಾಡಿದೆವು ಎಂದುಕೊಂಡಿದ್ದಿರಬೇಕು. ಆದರೆ ಪೆಟ್ಟಿಗೆ ಖಾಲಿಯಾಗಿ ಮರಳುತ್ತಿತ್ತು, ಮತ್ತೆ ತುಂಬಿ ಹೋಗುತ್ತಿತ್ತು. ಅದು ಇಷ್ಟು ಬೇಗ ಬೇಗ ಏಕೆ ತುಂಬುತ್ತಿದೆ ಎಂದು ಅದನ್ನು ಕೊಟ್ಟವರು ಕೇಳಲಿಲ್ಲ. ಕೇಳಿದವರು ಅದನ್ನು ಹೆಗಲ ಮೇಲೆ ಹೊತ್ತವರು. ಹೆಲ್ದರ್ ಮಾಡಿದ್ದು ಆ ಹೊತ್ತವರ ಪ್ರಶ್ನೆಯನ್ನು ತಮ್ಮ ಚರ್ಚಿನ ಪ್ರಶ್ನೆಯನ್ನಾಗಿ ಮಾಡಿದ್ದು. ನಮ್ಮ ಬಾಗಿಲಿಗೆ ಕಳೆದ ವರ್ಷ ಬಂದ ಕೈಯೇ ಈ ವರ್ಷವೂ ಬಂದರೆ, ಕೊಡಬೇಕಾದುದನ್ನು ಕೊಟ್ಟ ಮೇಲೆ, ಆ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು.